ಫೈನಾ ರಾನೆವ್ಸ್ಕಯಾ: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಸೋವಿಯತ್ ಸಿನಿಮಾ ನೋಡಲು ಶುರು ಮಾಡಿದವರಿಗೆ ಒಂದಲ್ಲ ಒಂದು ದಿನ ಈ ಮುಖ ಎದುರಾಗುತ್ತದೆ. ದೊಡ್ಡ ಕಣ್ಣು, ತಗ್ಗಿದ ಗಡಸು ದನಿ. ತೆರೆ ಮೇಲೆ ಇರುವುದು ನಾಲ್ಕೈದು ನಿಮಿಷ ಅಷ್ಟೇ. ಆದರೆ ಸಿನಿಮಾ ಮುಗಿದ ಮೇಲೆ ನಾಯಕ ನಾಯಕಿ ಮರೆತುಹೋಗಿ ಈಕೆ ಮಾತ್ರ ಮನಸ್ಸಲ್ಲಿ ಉಳಿಯುತ್ತಾರೆ. ಹೆಸರು ಹಾಕಿ ಹುಡುಕಿದರೆ ಸಿಗುವುದು ಮಾತ್ರ ಅವರದೆನ್ನುವ ನೂರಾರು ಚಟಾಕಿಗಳು. ಆ ಚಟಾಕಿಗಳ ರಾಶಿಯಡಿ ಒಬ್ಬ ಬಹಳ ದೊಡ್ಡ ನಟಿ ಮುಚ್ಚಿಹೋಗಿದ್ದಾರೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದಕ್ಕೇ ಈ ಪ್ರಶ್ನೋತ್ತರ.

ಯಾರು ಈ ರಾನೆವ್ಸ್ಕಯಾ? ಚಿಕ್ಕದಾಗಿ ಹೇಳಿ.

ಸೋವಿಯತ್ ಒಕ್ಕೂಟದ ರಂಗನಟಿ, ಸಿನಿಮಾ ನಟಿ. ಹುಟ್ಟಿದ್ದು 1896ರ ಆಗಸ್ಟ್ 27, ತೀರಿಕೊಂಡಿದ್ದು 1984ರ ಜುಲೈ 19, ಮಾಸ್ಕೋದಲ್ಲಿ. ಬಹುತೇಕ ಆಯುಷ್ಯ ಕಳೆದದ್ದು ರಂಗದ ಮೇಲೆ. ಜನ ಗುರುತು ಹಿಡಿದದ್ದು ಸಿನಿಮಾದ ಸಣ್ಣ ಪಾತ್ರಗಳಿಂದ.

ಹುಟ್ಟೂರು ಯಾವುದು? ಮನೆಯವರು ಎಂಥವರು?

ದಕ್ಷಿಣ ರಷ್ಯಾದ ತಗನ್‌ರೋಗ್, ಅಜೋವ್ ಸಮುದ್ರದ ದಡದ ಬಂದರು ಊರು. ರಷ್ಯನ್ ಕಥೆಗಾರ, ನಾಟಕಕಾರ ಚೆಕೊವ್ ಹುಟ್ಟಿದ್ದೂ ಅಲ್ಲೇ. ಈ ಕಾಕತಾಳೀಯ ಮುಂದೆ ಅವರ ಬದುಕಿನುದ್ದಕ್ಕೂ ಬರುತ್ತದೆ.

ಮನೆಯವರು ಇಟ್ಟ ಹೆಸರು ಫ್ಯಾನಿ ಫೆಲ್ಡ್‌ಮನ್. ಶ್ರೀಮಂತ ಯಹೂದಿ ಕುಟುಂಬ. ಅಪ್ಪ ಗಿರ್ಶ್ ಫೆಲ್ಡ್‌ಮನ್‌ಗೆ ಬಣ್ಣದ ಕಾರ್ಖಾನೆ ಇತ್ತು, ಮನೆಗಳಿದ್ದವು, ಸ್ವಂತದ್ದೊಂದು ಹಡಗೂ ಇತ್ತು. ಹುಡುಗಿಗೆ ಮಾತ್ರ ಶಾಲೆ ಒಗ್ಗಲಿಲ್ಲ, ಕೆಲವೇ ವರ್ಷ ಹೋಗಿ ಬಿಟ್ಟಳು. ಮಾತು ತೊದಲುತ್ತಿತ್ತು. ನಾಟಕದ ಹುಚ್ಚು ಹಿಡಿದದ್ದು ಅಪ್ಪನಿಗೆ ಸ್ವಲ್ಪವೂ ಹಿಡಿಸಲಿಲ್ಲ. 1915ರಲ್ಲಿ ಮನೆ ಬಿಟ್ಟು ಮಾಸ್ಕೋಗೆ ಹೊರಟೇಬಿಟ್ಟರು.

ಅಲ್ಲಿ ಯಾವ ನಾಟಕ ಶಾಲೆಯೂ ಸೇರಿಸಿಕೊಳ್ಳಲಿಲ್ಲ. ಕೈ ಹಿಡಿದವರು ಬೊಲ್ಶೊಯ್ ಥಿಯೇಟರಿನ ಹೆಸರಾಂತ ಬ್ಯಾಲೆ ನರ್ತಕಿ ಎಕಟೆರಿನಾ ಗೆಲ್ಟ್ಸರ್. ಮಾಸ್ಕೋ ಹೊರವಲಯದ ಮಲಾಖೋವ್ಕಾ ಎಂಬಲ್ಲಿ ಬೇಸಿಗೆ ರಂಗಮಂದಿರ ಇತ್ತು. ಅಲ್ಲಿ ಸಣ್ಣಪುಟ್ಟ ಪಾತ್ರ ಕೊಡಿಸಿದರು. ಶುರುವಾದದ್ದು ಹೀಗೆ.

‘ರಾನೆವ್ಸ್ಕಯಾ’ ಅನ್ನುವ ಹೆಸರು ಎಲ್ಲಿಂದ ಬಂತು?

ಚೆಕೊವ್ ಬರೆದ ‘ಚೆರ್ರಿ ಆರ್ಚರ್ಡ್’ ನಾಟಕದಿಂದ. ಅದರ ನಾಯಕಿ ಲ್ಯುಬೋವ್ ರಾನೆವ್ಸ್ಕಯಾ. ತೋಟ, ಮನೆ ಎಲ್ಲ ಸಾಲಕ್ಕೆ ಹೋಗುತ್ತಿದ್ದರೂ ಕೈಯಲ್ಲಿದ್ದ ದುಡ್ಡು ಚೆಲ್ಲುವುದನ್ನು ಬಿಡದ ಹೆಂಗಸು.

ಇದರ ಹಿಂದಿನ ಕಥೆಯನ್ನು ಅವರೇ ಹೇಳಿಕೊಂಡಿದ್ದಾರೆ. ಕ್ರೈಮಿಯಾದ ಕೆರ್ಚ್ ಊರಲ್ಲಿ ಒಬ್ಬ ಹಿರಿಯ ನಟರ ಜೊತೆ ಬ್ಯಾಂಕಿಗೆ ಹೋಗಿದ್ದರಂತೆ. ಅಮ್ಮ ಗುಟ್ಟಾಗಿ ಕಳಿಸಿದ ಹಣ ತಗೊಂಡು ಹೊರಗೆ ಬಂದರೆ ಜೋರು ಗಾಳಿ. ನೋಟುಗಳು ಕೈಯಿಂದ ಹಾರಿಹೋದವು. ಇವರು ಅವುಗಳ ಹಿಂದೆ ಓಡಲಿಲ್ಲ. ಅಯ್ಯೋ, ಹೋಯಿತಲ್ಲ, ಆದರೆ ಹಾರುವುದು ಎಷ್ಟು ಚೆಂದ ಅಂದರಂತೆ. ಪಕ್ಕದಲ್ಲಿದ್ದವರು, ನೀನು ರಾನೆವ್ಸ್ಕಯಾನೇ, ಇಂಥ ಮಾತು ಅವಳು ಮಾತ್ರ ಆಡಬಲ್ಲಳು ಅಂದರು. ಆ ಹೆಸರೇ ನಿಂತಿತು. ದುಡ್ಡು ಅವರ ಕೈಯಲ್ಲಿ ಕೊನೆಯವರೆಗೂ ನಿಲ್ಲಲಿಲ್ಲ.

1917ರಲ್ಲಿ ಮನೆಯವರೆಲ್ಲ ದೇಶ ಬಿಟ್ಟರಲ್ಲ, ಇವರೊಬ್ಬರೇ ಯಾಕೆ ಉಳಿದರು?

ನಾಟಕಕ್ಕಾಗಿ. ಕ್ರಾಂತಿಯ ಗಲಾಟೆಯಲ್ಲಿ ಅಪ್ಪ ತಮ್ಮದೇ ಹಡಗಿನಲ್ಲಿ ಸಂಸಾರ ಸಮೇತ ಹೊರಟರು. ರಷ್ಯನ್ ಭಾಷೆ ಬಿಟ್ಟು ಇನ್ನೊಂದರಲ್ಲಿ ಅಭಿನಯಿಸುವುದು ಇವರಿಗೆ ಊಹೆಗೂ ನಿಲುಕದ ವಿಷಯ. ಇಪ್ಪತ್ತೊಂದರ ಹುಡುಗಿ, ಕೈಯಲ್ಲಿ ಕಾಸಿಲ್ಲ, ಕೆಲಸಕ್ಕೆ ಗ್ಯಾರಂಟಿ ಇಲ್ಲ, ಸುತ್ತ ಅಂತರ್ಯುದ್ಧ. ಮತ್ತೆ ಮನೆಯವರ ಮುಖ ನೋಡಿದ್ದು ಸುಮಾರು ನಾಲ್ಕು ದಶಕದ ನಂತರ, ರೊಮೇನಿಯಾದಲ್ಲಿ. ಅಕ್ಕ ಇಸಬೆಲ್ಲಾ 1960ರಲ್ಲಿ ಮಾಸ್ಕೋಗೆ ಬಂದು ಇವರ ಜೊತೆ ಇದ್ದರು. ಆ ಭಾಗ್ಯವೂ ಉಳಿದದ್ದು ನಾಲ್ಕೇ ವರ್ಷ. 1964ರಲ್ಲಿ ಅಕ್ಕ ತೀರಿಕೊಂಡರು.

ಅವರ ಗುರು ಯಾರು?

ಪಾವ್ಲಾ ವುಲ್ಫ್. ರಷ್ಯಾದ ಜಿಲ್ಲಾ ಊರುಗಳ ರಂಗಭೂಮಿಯಲ್ಲಿ ಬಹಳ ದೊಡ್ಡ ಹೆಸರು. ರೊಸ್ತೋವ್ ಊರಲ್ಲಿ ವುಲ್ಫ್ ಅಭಿನಯ ನೋಡಿದ ರಾನೆವ್ಸ್ಕಯಾ ಮರುದಿನವೇ ಅವರ ಮನೆ ಬಾಗಿಲಿಗೆ ಹೋಗಿ ನಿಂತರು. ವುಲ್ಫ್ ಒಂದು ನಾಟಕ ಕೈಗಿತ್ತು, ಅದರಲ್ಲಿನ ಇಟಲಿಯ ಗಾಯಕಿಯ ಪಾತ್ರ ತಯಾರು ಮಾಡಿಕೊಂಡು ಬಾ ಅಂದರು. ಹುಡುಗಿ ಊರಲ್ಲಿದ್ದ ಒಬ್ಬ ಇಟಾಲಿಯನ್‌ನನ್ನು ಹುಡುಕಿ, ಆತನ ಮಾತಿನ ಧಾಟಿ, ಕೈ ಆಡಿಸುವ ರೀತಿ ಕಲಿತು ಬಂದಳು. ಅಲ್ಲಿಗೆ ಪರೀಕ್ಷೆ ಪಾಸು.

ಮುಂದೆ ವುಲ್ಫ್ ಅವರ ಮನೆಯೇ ಇವರ ಮನೆಯಾಯಿತು. ವುಲ್ಫ್ ಮಗಳು ಐರಿನಾ ದೊಡ್ಡವಳಾಗಿ ರಂಗ ನಿರ್ದೇಶಕಿಯಾದರು. ಐರಿನಾ ಮಗ ಅಲೆಕ್ಸಿ ಷೆಗ್ಲೋವ್ ಅವರನ್ನು ರಾನೆವ್ಸ್ಕಯಾ ಮೊಮ್ಮಗ ಅಂತಲೇ ಸಾಕಿದರು. 1961ರಲ್ಲಿ ವುಲ್ಫ್ ತೀರಿಕೊಂಡಾಗ ಅವರಿಗಾದ ನೋವು ಡೈರಿಯ ಪುಟಪುಟದಲ್ಲೂ ಇದೆ.

ಅಂತರ್ಯುದ್ಧದ ದಿನಗಳಲ್ಲಿ ಹೇಗೆ ಬದುಕಿದರು?

ಇವರು ಕ್ರೈಮಿಯಾದಲ್ಲಿದ್ದರು. ಸಿಂಫೆರೊಪೋಲ್ ಊರಲ್ಲಿ ನಾಟಕ ಆಡುತ್ತಿದ್ದರು. ಊರು ಒಂದು ಸೈನ್ಯದ ಕೈಯಿಂದ ಇನ್ನೊಂದರ ಕೈಗೆ ಹೋಗುತ್ತಿತ್ತು. ಜನ ಹಸಿವಿನಿಂದ ಬೀದಿಯಲ್ಲೇ ಬಿದ್ದು ಸಾಯುತ್ತಿದ್ದರು. ಕವಿ ಮ್ಯಾಕ್ಸಿಮಿಲಿಯನ್ ವೊಲೋಶಿನ್ ಆಗ ಇವರ ನೆರವಿಗೆ ಬಂದರು. ಒಂದು ಬೆಳಿಗ್ಗೆ ಬೆನ್ನಿಗೆ ಚೀಲ ಹಾಕಿಕೊಂಡು ಬಂದರಂತೆ. ಒಳಗೆ ಹಳೇ ಪೇಪರಿನಲ್ಲಿ ಸುತ್ತಿದ ಪುಟ್ಟ ಮೀನುಗಳು, ಒಂದಿಷ್ಟು ಬ್ರೆಡ್, ಜೊತೆಗೆ ಒಂದು ಸಣ್ಣ ಸೀಸೆ ಹರಳೆಣ್ಣೆ. ಮೀನು ಕರಿದದ್ದು ಆ ಹರಳೆಣ್ಣೆಯಲ್ಲೇ. ಬೇರೆ ಎಣ್ಣೆ ಎಲ್ಲಿಂದ ತರುವುದು? ಆ ವಾಸನೆಗೆ ಹಸಿದ ಹೊಟ್ಟೆಯೂ ತೊಳಸಿ ಬಂತು ಅಂತ ಅವರು ಬರೆದಿದ್ದಾರೆ. ಆದರೆ ವೊಲೋಶಿನ್ ಇಲ್ಲದಿದ್ದರೆ ತಾವು ಬದುಕುತ್ತಿರಲಿಲ್ಲ ಅನ್ನುವುದನ್ನು ಅವರು ಕೊನೆಯವರೆಗೂ ಮರೆಯಲಿಲ್ಲ.

ಸಿನಿಮಾಗೆ ಬಂದದ್ದು ಯಾವಾಗ?

ತಡವಾಗಿ, 38ನೇ ವಯಸ್ಸಿಗೆ. ಅಷ್ಟರಲ್ಲಿ ಕಜಾನ್, ಬಾಕು, ಅರ್ಖಾಂಗೆಲ್ಸ್ಕ್, ಸ್ಮೊಲೆನ್ಸ್ಕ್ ಅಂತ ಊರೂರು ಸುತ್ತಿದ್ದರು. 1931ರಲ್ಲಿ ಮಾಸ್ಕೋದ ಚೇಂಬರ್ ಥಿಯೇಟರಿಗೆ ಅದರ ನಿರ್ದೇಶಕ ಅಲೆಕ್ಸಾಂಡರ್ ತೈರೋವ್ ಕರೆದುಕೊಂಡರು. 1934ರಲ್ಲಿ ಮಿಖಾಯಿಲ್ ರೋಮ್ ತಮ್ಮ ಮೊದಲ ಸಿನಿಮಾ ‘ಪಿಷ್ಕಾ’ ತೆಗೆದರು. ಫ್ರೆಂಚ್ ಲೇಖಕ ಮೊಪಾಸಾ ಕಥೆ, ಮೂಕಿ ಚಿತ್ರ. ಅದರಲ್ಲಿ ಮೇಡಂ ಲ್ವಾಜೋ ಪಾತ್ರ ಇವರದು.

ಅದಾದ ಮೇಲೆ ಕೆಂಪು ಸೇನೆಯ ಥಿಯೇಟರಿನಲ್ಲಿ ಗೋರ್ಕಿಯ ‘ವಾಸ್ಸಾ ಝೆಲೆಜ್ನೊವಾ’ ನಾಟಕದ ಮುಖ್ಯ ಪಾತ್ರ ಮಾಡಿ ದೊಡ್ಡ ಹೆಸರು ಗಳಿಸಿದರು. ಮಾಲಿ ಥಿಯೇಟರ್ ಸೇರುವ ಆಸೆಯಿಂದ ಅಲ್ಲಿನ ಕೆಲಸ ಬಿಟ್ಟರು. ಮಾಲಿಯ ಬಾಗಿಲು ತೆರೆಯಲಿಲ್ಲ. ಇದ್ದದ್ದೂ ಹೋಯಿತು, ಹೊಸದೂ ಇಲ್ಲ. ಸಿನಿಮಾಗಳು ಸಾಲಾಗಿ ಬಂದದ್ದು ಆ ಸಮಯದಲ್ಲೇ. 1939 ಒಂದರಲ್ಲೇ ಮೂರು.

‘ಮುಲ್ಯಾ, ನನ್ನ ತಲೆ ಕೆಡಿಸಬೇಡ!’ ಅನ್ನುವ ಡೈಲಾಗಿನ ಕಥೆ ಏನು?

ಆ ಮೂರರಲ್ಲಿ ಒಂದು ‘ಪೊಡ್ಕಿದಿಷ್’. ನಿರ್ದೇಶನ ತತಿಯಾನಾ ಲುಕಷೆವಿಚ್, ಚಿತ್ರಕಥೆ ಅಗ್ನಿಯಾ ಬಾರ್ತೋ ಮತ್ತು ರಿನಾ ಜೆಲ್ಯೊನಾಯಾ. ನತಾಶಾ ಅನ್ನುವ ಪುಟ್ಟ ಹುಡುಗಿ ಮನೆಯಿಂದ ಹೊರಬಿದ್ದು ಮಾಸ್ಕೋ ಬೀದಿಗಳಲ್ಲಿ ಅಲೆಯುತ್ತಾಳೆ. ಸಿಕ್ಕವರೆಲ್ಲ ಅವಳನ್ನು ಮನೆಗೆ ಕರೆದೊಯ್ಯಲು ನೋಡುತ್ತಾರೆ. ರಾನೆವ್ಸ್ಕಯಾ ಇಲ್ಲಿ ಲ್ಯಾಲ್ಯಾ. ಮಕ್ಕಳಿಲ್ಲದ, ದರ್ಪದ ಹೆಂಗಸು. ಗಂಡ ಮುಲ್ಯಾ ಬಾಯಿ ತೆರೆದರೆ ಸಾಕು, ಈ ಮಾತಿನಿಂದ ಅವನ ಬಾಯಿ ಮುಚ್ಚಿಸುತ್ತಾಳೆ. ಮಗುವಿಗೆ ಅವಳು ಕೇಳುವ ಇನ್ನೊಂದು ಪ್ರಶ್ನೆಯೂ ರಷ್ಯನ್ನರ ಬಾಯಲ್ಲಿದೆ: ‘ಹೇಳು ಪುಟ್ಟಿ, ನಿನಗೆ ಏನು ಬೇಕು, ತಲೆ ಕಿತ್ತುಹಾಕಬೇಕಾ, ಇಲ್ಲಾ ತೋಟದ ಮನೆಗೆ ಹೋಗಬೇಕಾ?’

ಮುಲ್ಯಾ ಡೈಲಾಗು ದೇಶದ ತುಂಬ ಹರಡಿತು. ಬೀದಿಯಲ್ಲಿ ಕಂಡರೆ ಹುಡುಗರು ಹಿಂದೆ ಬಿದ್ದು ಅದನ್ನೇ ಕೂಗುತ್ತಿದ್ದರು. 1976ರಲ್ಲಿ ಲೆನಿನ್ ಪದಕ ಕೊಡುವಾಗ ಸೋವಿಯತ್ ನಾಯಕ ಬ್ರೆಜ್ನೆವ್ ಕೂಡ ಅದನ್ನೇ ಹೇಳಿದರು ಅನ್ನುವ ಮಾತಿದೆ. ಅವರಿಗೆ ಈ ಪಾತ್ರ, ಈ ಮಾತು ಎರಡೂ ಸಾಕುಸಾಕಾಗಿದ್ದವು. ವಾಸ್ಸಾ ಅಂಥ ಪಾತ್ರ ಮಾಡಿದ ನಟಿಯನ್ನು ಜನ ಒಂದು ವಾಕ್ಯದಲ್ಲಿ ಕಟ್ಟಿಹಾಕಿದರೆ ಬೇಜಾರಾಗದೆ ಇರುತ್ತದಾ?

ಅಷ್ಟು ಸಣ್ಣ ಪಾತ್ರಗಳಲ್ಲಿ ಅಷ್ಟು ಪರಿಣಾಮ ಹೇಗೆ ಸಾಧ್ಯ ಆಯ್ತು?

ಒಂದೇ ದೃಶ್ಯ ನೋಡಿದರೆ ಅರ್ಥವಾಗುತ್ತದೆ. ಲಿಯೊನಿದ್ ಲುಕೋವ್ ನಿರ್ದೇಶನದ ‘ಅಲೆಕ್ಸಾಂಡರ್ ಪಾರ್ಖೊಮೆಂಕೊ’ 1942ರ ಚಿತ್ರ. ಅಂತರ್ಯುದ್ಧದ ಕಾಲದ ಒಂದು ರೆಸ್ಟೋರೆಂಟ್, ಅಲ್ಲಿ ಪಿಯಾನೋ ನುಡಿಸುವ ಹೆಂಗಸು. ಚಿತ್ರಕಥೆಯಲ್ಲಿ ಆಕೆಗೆ ಇದ್ದದ್ದು ಹೆಚ್ಚೂ ಕಡಿಮೆ ಒಂದು ಸಾಲು. ಉಳಿದದ್ದೆಲ್ಲ ರಾನೆವ್ಸ್ಕಯಾ ಕಟ್ಟಿದ್ದು. ಆಕೆ ಪಿಯಾನೋ ನುಡಿಸುತ್ತಾಳೆ, ಪ್ರೇಮಗೀತೆ ಹಾಡುತ್ತಾಳೆ, ನಡುವೆ ಸಿಗರೇಟು ಸೇದುತ್ತಾಳೆ, ಏನೋ ಬಾಯಿಗೆ ಹಾಕಿಕೊಂಡು ಅಗಿಯುತ್ತಾಳೆ, ಬಂದವರ ಕಡೆ ಕಣ್ಣು ಹೊರಳಿಸುತ್ತಾಳೆ. ಹಾಡು ನಿಲ್ಲುವುದೇ ಇಲ್ಲ. ಬೆರಳಿಗೆ ಕೆಲಸ ಅಭ್ಯಾಸವಾಗಿಬಿಟ್ಟಿದೆ, ಮನಸ್ಸು ಅಲ್ಲಿಲ್ಲ. ಹಿಂದೊಮ್ಮೆ ಬೇರೆ ಥರದ ಬದುಕಿತ್ತು, ಈಗ ಹೊಟ್ಟೆಪಾಡಿಗೆ ಇಲ್ಲಿದ್ದಾಳೆ ಅನ್ನುವುದು ಒಂದು ಮಾತೂ ಇಲ್ಲದೆ ತಿಳಿಯುತ್ತದೆ. ನಗು ಬರುತ್ತದೆ, ಜೊತೆಗೇ ಅಯ್ಯೋ ಅನಿಸುತ್ತದೆ. ಅವರ ಇಡೀ ಕಲೆ ಇದರಲ್ಲಿದೆ ಅಂತ ನಾನು ಭಾವಿಸುತ್ತೇನೆ.

ಸಿನಿಮಾದಲ್ಲಿ ದೊಡ್ಡ ಪಾತ್ರ ಸಿಗಲೇ ಇಲ್ವಾ?

ಸಿಕ್ಕಿತು, ರೋಮ್ ಅವರ ‘ಮೆಚ್ತಾ’ ಚಿತ್ರದಲ್ಲಿ. 1941ರಲ್ಲಿ ತಯಾರಾಯಿತು, ಯುದ್ಧದಿಂದಾಗಿ ತೆರೆಗೆ ಬಂದದ್ದು 1943ರಲ್ಲಿ. ಆಗ ಪೋಲೆಂಡಿಗೆ ಸೇರಿದ್ದ ಪಶ್ಚಿಮ ಉಕ್ರೇನಿನ ಒಂದು ಪಟ್ಟಣದಲ್ಲಿ ರೋಜಾ ಸ್ಕೊರೊಖೋದ್ ಬಾಡಿಗೆ ಕೋಣೆಗಳ ವಸತಿಗೃಹ ನಡೆಸುತ್ತಾಳೆ. ಜಿಪುಣಿ, ಬಾಯಿ ಜೋರು, ಕೆಲಸದವಳನ್ನು ಗೋಳುಹೊಯ್ದುಕೊಳ್ಳುತ್ತಾಳೆ. ಅವಳ ಆಸೆಯೆಲ್ಲ ಮಗನ ಮೇಲೆ. ಆ ಮಗನೇ ಕೈಗೆ ಹತ್ತುವುದಿಲ್ಲ. ಇಂಥ ಹೆಂಗಸನ್ನು ನಾವು ದ್ವೇಷಿಸಬೇಕು ಅಂತ ಕಥೆ ಬಯಸುತ್ತದೆ. ಆದರೆ ಮಗ ಜೈಲು ಸೇರಿದ ಮೇಲೆ ರೋಜಾಳ ಮುಖ ನೋಡಿ, ದ್ವೇಷ ಹುಟ್ಟುವುದೇ ಇಲ್ಲ. ಇದು 45ರ ಆಸುಪಾಸಿನ ನಟಿ ಮಾಡಿದ ಮುದುಕಿಯ ಪಾತ್ರ. ಇಂಥ ಇನ್ನೊಂದು ಪಾತ್ರ ಸಿನಿಮಾ ಅವರಿಗೆ ಮತ್ತೆ ಕೊಡಲೇ ಇಲ್ಲ.

ಐಸೆನ್‌ಸ್ಟೈನ್ ಕರೆದರೂ ಯಾಕೆ ಕೆಲಸ ಮಾಡಲಿಲ್ಲ?

ಮಾಡಲು ಬಿಡಲಿಲ್ಲ. ‘ಇವಾನ್ ದಿ ಟೆರಿಬಲ್’ ಚಿತ್ರದ ಯುಫ್ರೊಸಿನ್ಯಾ ಸ್ತಾರಿತ್ಸ್ಕಯಾ ಪಾತ್ರಕ್ಕೆ ಹೆಸರಾಂತ ಸಿನಿಮಾ ನಿರ್ದೇಶಕ ಐಸೆನ್‌ಸ್ಟೈನ್ ಇವರನ್ನೇ ಬಯಸಿದ್ದರು. 1942ರಲ್ಲಿ ಸಿನಿಮಾ ಇಲಾಖೆಯ ಮುಖ್ಯಸ್ಥ ಇವಾನ್ ಬೊಲ್ಶಕೋವ್ ಮೇಲಿನವರಿಗೆ ಪತ್ರ ಬರೆದು, ಕ್ಲೋಸಪ್ಪಿನಲ್ಲಿ ಇವರ ಯಹೂದಿ ಚಹರೆ ಎದ್ದು ಕಾಣುತ್ತದೆ ಅಂತ ಬೇಡ ಅಂದರು. ಪಾತ್ರ ಸೆರಾಫಿಮಾ ಬಿರ್ಮನ್ ಅವರಿಗೆ ಹೋಯಿತು. ಹಿಟ್ಲರ್ ಜೊತೆ ದೇಶ ಹೋರಾಡುತ್ತಿದ್ದ ವರ್ಷದಲ್ಲೇ ಹೀಗಾಯಿತು ಅನ್ನುವುದು ಇವತ್ತು ಓದಿದರೂ ಹೊಟ್ಟೆ ಉರಿಯುತ್ತದೆ. ಅವರಿಗೆ ತಪ್ಪಿದ ಪಾತ್ರಗಳಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಸಂಕಟ ಕೊಡುವುದು ಇದೇ.

ಮಕ್ಕಳ ಜೊತೆ ನೋಡುವಂಥದ್ದು ಏನಾದರೂ ಇದೆಯಾ?

ಇದೆ. 1947ರ ‘ಝೊಲುಷ್ಕಾ’, ಅಂದರೆ ನಮ್ಮೆಲ್ಲರಿಗೂ ಗೊತ್ತಿರುವ ಸಿಂಡ್ರೆಲಾ ಕಥೆ. ಯೆವ್ಗೆನಿ ಶ್ವಾರ್ಟ್ಸ್ ಚಿತ್ರಕಥೆ, ಯಾನಿನಾ ಝೈಮೋ ಸಿಂಡ್ರೆಲಾ, ರಾನೆವ್ಸ್ಕಯಾ ಮಲತಾಯಿ. ಈ ಮಲತಾಯಿ ಮಾಟಗಾತಿಯಲ್ಲ. ಶಿಫಾರಸು, ವಶೀಲಿ, ದೊಡ್ಡವರ ಪರಿಚಯ ಇವುಗಳಿಂದಲೇ ಬದುಕುವವಳು. ಎಂಥ ದುಃಖ, ಈ ರಾಜ್ಯ ಚಿಕ್ಕದಾಯಿತು, ನನಗೆ ಕೈಕಾಲು ಚಾಚಲು ಜಾಗವಿಲ್ಲ ಅಂತ ಕೊರಗುತ್ತಾಳೆ. ಇಂಥವರನ್ನು ಎಲ್ಲ ಕಚೇರಿಯಲ್ಲೂ ನೋಡಿರುತ್ತೇವೆ, ಅಲ್ವಾ?

ಇನ್ನೂ ಚಿಕ್ಕ ಮಕ್ಕಳಿಗೆ 1970ರ ಕಾರ್ಲ್‌ಸನ್ ಕಾರ್ಟೂನು. ಆಸ್ಟ್ರಿಡ್ ಲಿಂಡ್‌ಗ್ರೆನ್ ಕಥೆಯ ಮನೆ ನೋಡಿಕೊಳ್ಳುವ ಹೆಂಗಸು ಫ್ರೆಕೆನ್ ಬೋಕ್‌ಗೆ ದನಿ ರಾನೆವ್ಸ್ಕಯಾ ಅವರದು. ರಷ್ಯಾದಲ್ಲಿ ಮೂರು ತಲೆಮಾರು ಈ ದನಿ ಕೇಳಿ ಬೆಳೆದಿವೆ.

ರಂಗದ ಮೇಲೆ ಅವರ ಸಾಧನೆ ಏನು?

ಸೋವಿಯತ್ ರಂಗಭೂಮಿ ನಡೆಯುತ್ತಿದ್ದ ರೀತಿ ಸ್ವಲ್ಪ ತಿಳಿದಿದ್ದರೆ ಇದು ಸುಲಭ. ಪ್ರತಿ ಥಿಯೇಟರಿಗೂ ಖಾಯಂ ತಂಡ, ಸರ್ಕಾರಿ ಸಂಬಳ. ಒಂದು ನಾಟಕ ವರ್ಷಗಟ್ಟಲೆ ನಡೆಯುತ್ತಿತ್ತು. ಪಾತ್ರ ಕೊಡುವ ಅಧಿಕಾರ ಮುಖ್ಯ ನಿರ್ದೇಶಕರದಾಗಿತ್ತು. ಅವರಿಗೆ ಬೇಡವಾದರೆ ಎಷ್ಟೇ ದೊಡ್ಡ ನಟಿಯಾದರೂ ಸುಮ್ನೆ ಕೂರಬೇಕಿತ್ತು. ರಾನೆವ್ಸ್ಕಯಾ ಹಾಗೆ ಕೂತ ವರ್ಷಗಳು ಎಷ್ಟೋ.

1949ರಲ್ಲಿ ಯೂರಿ ಜವಾದ್ಸ್ಕಿ ನಡೆಸುತ್ತಿದ್ದ ಮೊಸೊವೆತ್ ಥಿಯೇಟರ್ ಸೇರಿದರು. ‘ಷ್ಟೋರ್ಮ್’ ಅನ್ನುವ ಕ್ರಾಂತಿಯ ನಾಟಕದಲ್ಲಿ ಕಾಳಸಂತೆಯ ಮಾನ್ಕಾ ಪಾತ್ರ ಇವರದು. ವಿಚಾರಣೆಯ ಒಂದೇ ದೃಶ್ಯ, ಮಾತೆಲ್ಲ ದಕ್ಷಿಣದ ಆಡುನುಡಿಯಲ್ಲಿ, ಅದರಲ್ಲೂ ಬಹುಪಾಲು ಇವರೇ ಸೇರಿಸಿದ್ದು. ಜನ ಆ ದೃಶ್ಯಕ್ಕೆಂದೇ ಬರುತ್ತಿದ್ದರು, ಮುಗಿದ ತಕ್ಷಣ ಎದ್ದು ಹೋಗುತ್ತಿದ್ದರು. ನಾಟಕ ಬಡವಾಗುತ್ತಿದೆ ಅಂತ ಜವಾದ್ಸ್ಕಿ ದೃಶ್ಯವನ್ನೇ ತೆಗೆದುಹಾಕಿದರು. ನಿರ್ದೇಶಕರ ಕಷ್ಟ ನನಗೂ ಅರ್ಥವಾಗುತ್ತದೆ, ಆದರೂ ಅದನ್ನು ಕತ್ತರಿಸಬಾರದಿತ್ತು.

1955ರಲ್ಲಿ ಪುಷ್ಕಿನ್ ಥಿಯೇಟರಿಗೆ ಹೋದರು, 1963ರಲ್ಲಿ ಮೊಸೊವೆತ್‌ಗೇ ಮರಳಿದರು. 1966ರಲ್ಲಿ ‘ವಿಚಿತ್ರ ಮಿಸೆಸ್ ಸ್ಯಾವೇಜ್’ ನಾಟಕದ ಮುಖ್ಯ ಪಾತ್ರ. ಕೆಲವು ವರ್ಷ ಆಡಿ, ಅದನ್ನು ಲ್ಯುಬೋವ್ ಓರ್ಲೋವಾಗೆ ಬಿಟ್ಟುಕೊಟ್ಟರು. ಓರ್ಲೋವಾ ನಂತರ ಅದು ವೆರಾ ಮರೆತ್ಸ್ಕಯಾ ಅವರಿಗೆ ಹೋಯಿತು.

‘ಮುಂದೆ ಬರೀ ಮೌನ’ ನಾಟಕದ ಬಗ್ಗೆ ಎಲ್ಲರೂ ಹೇಳುತ್ತಾರೆ. ಅದೇನು?

1969ರಲ್ಲಿ ಅನತೋಲಿ ಎಫ್ರೋಸ್ ನಿರ್ದೇಶಿಸಿದ್ದು. ವೀನಾ ಡೆಲ್ಮಾರ್ ಅವರ ಅಮೆರಿಕನ್ ನಾಟಕ. ಮನೆ ಬ್ಯಾಂಕಿನ ಪಾಲಾದ ವಯಸ್ಸಾದ ದಂಪತಿ ಲೂಸಿ ಮತ್ತು ಬಾರ್ಕ್ಲಿ ಕೂಪರ್. ಐದು ಮಕ್ಕಳಿದ್ದಾರೆ. ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಒಬ್ಬರೂ ತಯಾರಿಲ್ಲ. ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ. ಬಿ. ಆರ್. ಪಂತುಲು ಅವರ ‘ಸ್ಕೂಲ್ ಮಾಸ್ಟರ್’ ನೋಡಿದ ಕನ್ನಡಿಗರಿಗೆ ಈ ನೋವು ಹೊಸದಲ್ಲ. ಆದರೆ ನಮ್ಮ ಚಿತ್ರದಲ್ಲಿ ಮೇಷ್ಟ್ರನ್ನು ಕಾಪಾಡಲು ಹಳೇ ಶಿಷ್ಯ ಬರುತ್ತಾನೆ. ಇಲ್ಲಿ ಯಾರೂ ಬರುವುದಿಲ್ಲ.

ಗಂಡನಾಗಿ ರೊಸ್ತಿಸ್ಲಾವ್ ಪ್ಲ್ಯಾಟ್. ‘ಮೆಚ್ತಾ’ದಲ್ಲೂ, 1947ರ ‘ವೆಸ್ನಾ’ ಚಿತ್ರದ ಹಾಸ್ಯದಲ್ಲೂ ಇವರ ಜೊತೆಗಿದ್ದವರು. ರಾನೆವ್ಸ್ಕಯಾ ಇಲ್ಲಿ ಅಳುವುದಿಲ್ಲ, ಗೋಗರೆಯುವುದಿಲ್ಲ. ಮಕ್ಕಳಿಗೆ ಮುಜುಗರ ಆಗಬಾರದು ಅಂತ ತಾನೇ ಒಪ್ಪಿಕೊಂಡವಳಂತೆ ನಟಿಸುವ ತಾಯಿ ಅವರು. ಗಂಡನಿಗೆ ನಿಜ ತಿಳಿಯದಂತೆ ನೋಡಿಕೊಳ್ಳುತ್ತಾರೆ. ಕೊನೆಗೆ ಬೀಳ್ಕೊಡುವಾಗ ಇಬ್ಬರೂ ಮತ್ತೆ ಸಿಗುತ್ತೇವೆ ಅನ್ನುವ ಹಾಗೆ ಮಾತಾಡುತ್ತಾರೆ. ಸಿಗುವುದಿಲ್ಲ ಅಂತ ಇಬ್ಬರಿಗೂ ಗೊತ್ತು. 1982ರ ಅಕ್ಟೋಬರ್‌ವರೆಗೆ, 86 ದಾಟಿದ ಮೇಲೂ ಈ ಪಾತ್ರ ಮಾಡಿದರು. 1978ರಲ್ಲಿ ಟಿವಿಗಾಗಿ ಚಿತ್ರೀಕರಿಸಿದ್ದರಿಂದ ನಮಗೂ ನೋಡಲು ಸಿಗುತ್ತಿದೆ.

ಪ್ರಶಸ್ತಿ ಬಂದಿತ್ತಾ?

ಮೂರು ಸಲ ಸ್ಟಾಲಿನ್ ಪ್ರಶಸ್ತಿ (1949ರಲ್ಲಿ ಒಂದು, 1951ರಲ್ಲಿ ಎರಡು), 1961ರಲ್ಲಿ ‘ಸೋವಿಯತ್ ಒಕ್ಕೂಟದ ಜನತಾ ಕಲಾವಿದೆ’ ಬಿರುದು, 1976ರಲ್ಲಿ ಲೆನಿನ್ ಪದಕ. ಒಂದು ಮಾತು ಹೇಳಲೇಬೇಕು. ಸ್ಟಾಲಿನ್ ಪ್ರಶಸ್ತಿ ತಂದುಕೊಟ್ಟವು ಆ ಕಾಲದ ಪ್ರಚಾರದ ನಾಟಕ, ಸಿನಿಮಾಗಳು. ಇವತ್ತು ಅವನ್ನು ಯಾರೂ ಹುಡುಕಿ ನೋಡುವುದಿಲ್ಲ. ‘ಮೆಚ್ತಾ’ಗೆ ಆ ಗೌರವ ಸಿಗಲಿಲ್ಲ.

ಮದುವೆ, ಮನೆ, ಸ್ನೇಹಿತರು?

ಮದುವೆಯಾಗಲಿಲ್ಲ. ಯುದ್ಧದ ವರ್ಷಗಳಲ್ಲಿ ತಾಷ್ಕೆಂಟಿನಲ್ಲಿದ್ದಾಗ ಕವಿ ಅನ್ನಾ ಅಖ್ಮಾತೋವಾ ಜೊತೆ ಗಾಢ ಸ್ನೇಹ ಬೆಳೆಯಿತು. ಅದು ಅಖ್ಮಾತೋವಾ ಬದುಕಿರುವವರೆಗೂ ಉಳಿಯಿತು. ಮಾಸ್ಕೋದಲ್ಲಿ ಬಹಳ ವರ್ಷ ಕೊತೆಲ್ನಿಚೆಸ್ಕಯಾ ದಂಡೆಯ ಗಗನಚುಂಬಿ ಕಟ್ಟಡದಲ್ಲಿದ್ದರು. ಕೊನೆಗಾಲದಲ್ಲಿ ಬೀದಿಯಿಂದ ಎತ್ತಿ ತಂದ ಒಂದು ನಾಯಿ ಜೊತೆಗಿತ್ತು. ಅದಕ್ಕೆ ಇಟ್ಟ ಹೆಸರು ಮಾಲ್ಚಿಕ್, ಅಂದರೆ ಹುಡುಗ. ಹೊಸ ದೊನ್ಸ್ಕೋಯ್ ಸ್ಮಶಾನದಲ್ಲಿ ಅಕ್ಕನ ಪಕ್ಕದಲ್ಲೇ ಅವರ ಸಮಾಧಿ ಇದೆ.

ಅವರ ಹೆಸರಲ್ಲಿ ಓಡಾಡುವ ಜೋಕುಗಳು ನಿಜವಾಗಿಯೂ ಅವರದೇನಾ?

ಕೆಲವು ಹೌದು. ಬಹಳಷ್ಟು ಅಲ್ಲ. ಅವರ ನಾಲಿಗೆ ಚುರುಕಾಗಿತ್ತು ಅನ್ನುವುದಕ್ಕೆ ಅವರನ್ನು ಬಲ್ಲವರೆಲ್ಲ ಸಾಕ್ಷಿ ಹೇಳುತ್ತಾರೆ. ಆದರೆ ಅವರು ಹೋದ ಮೇಲೆ ಪುಸ್ತಕ ಮಾರುವವರು, ಈಗ ಇಂಟರ್ನೆಟ್ಟಿನವರು ಸಿಕ್ಕಸಿಕ್ಕ ಮಾತನ್ನೆಲ್ಲ ಅವರ ತಲೆಗೆ ಕಟ್ಟಿದ್ದಾರೆ. ಬೇರೆಯವರ ಹಳೇ ಮಾತುಗಳು, ಅಶ್ಲೀಲ ಚುಟುಕಗಳು ಎಲ್ಲ ಸೇರಿವೆ. ಫೋಟೋ ಪಕ್ಕ ಎರಡು ಸಾಲು ಇದ್ದರೆ ನಂಬಬೇಡಿ.

ಆತ್ಮಕಥೆ ಬರೆಯಲು ಶುರು ಮಾಡಿದ್ದರು. ಬರೆದದ್ದನ್ನು ನಾಶ ಮಾಡಿ, ಪ್ರಕಾಶಕರು ಕೊಟ್ಟ ಮುಂಗಡವನ್ನು ವಾಪಸ್ ಕೊಟ್ಟರು. ಉಳಿದಿರುವ ಬಿಡಿ ಟಿಪ್ಪಣಿ, ಪತ್ರಗಳಲ್ಲಿ ಕಾಣುವುದು ಬೇರೆಯೇ ವ್ಯಕ್ತಿ. ಚೆಕೊವ್, ಪುಷ್ಕಿನ್ ಅವರನ್ನು ಮತ್ತೆ ಮತ್ತೆ ಓದುವವರು, ರಂಗ ನಿರ್ದೇಶಕ ಸ್ಟಾನಿಸ್ಲಾವ್ಸ್ಕಿಯನ್ನು ದೇವರಂತೆ ಕಾಣುವವರು, ಒಂಟಿತನದಿಂದ ಬೆಂದವರು, ಮಾಡದೆ ಉಳಿದ ಪಾತ್ರಗಳಿಗಾಗಿ ಮರುಗುವವರು.

ಎಲ್ಲಿಂದ ನೋಡಲು ಶುರು ಮಾಡಲಿ? ರಷ್ಯನ್ ಬರುವುದಿಲ್ಲ.

ಭಾಷೆ ಬರದಿದ್ದರೂ ತೊಂದರೆ ಇಲ್ಲ. ಮೊಸ್‌ಫಿಲ್ಮ್ ಸ್ಟುಡಿಯೋ ತನ್ನ ಹಳೇ ಚಿತ್ರಗಳನ್ನು ಯೂಟ್ಯೂಬಿನಲ್ಲಿ ಹಾಕಿದೆ, ಎಷ್ಟೋ ಚಿತ್ರಕ್ಕೆ ಇಂಗ್ಲಿಷ್ ಸಬ್‌ಟೈಟಲ್ ಇದೆ. ಮೊದಲು ‘ಝೊಲುಷ್ಕಾ’ ನೋಡಿ, ಕಥೆ ಹೇಗೂ ಗೊತ್ತು. ಆಮೇಲೆ ‘ಪಾರ್ಖೊಮೆಂಕೊ’ದ ಪಿಯಾನೋ ದೃಶ್ಯ ಮಾತ್ರ ಹುಡುಕಿ ನೋಡಿ, ಎರಡು ಸಲ. ಮೊದಲ ಸಲ ಮುಖ, ಎರಡನೇ ಸಲ ಕೈ. ನಂತರ ‘ಮೆಚ್ತಾ’. ‘ಪೊಡ್ಕಿದಿಷ್’ ಅನ್ನು ಬೇಕಂತಲೇ ತಡವಾಗಿ ನೋಡಿ, ಇಲ್ಲದಿದ್ದರೆ ಮುಲ್ಯಾನ ಹೆಂಡತಿಯೇ ಮನಸ್ಸಲ್ಲಿ ಕೂತುಬಿಡುತ್ತಾಳೆ. ಕೂಪರ್ ದಂಪತಿಯ ನಾಟಕಕ್ಕೆ ಒಂದು ಇಡೀ ಸಂಜೆ ಬಿಡುವು ಮಾಡಿಕೊಳ್ಳಿ. ಅಪ್ಪ ಅಮ್ಮ ಬೇರೆ ಊರಲ್ಲಿದ್ದರೆ ನೋಡಿದ ಮೇಲೆ ಅವರಿಗೊಂದು ಫೋನ್ ಮಾಡುವ ಆಸೆ ಆಗುತ್ತದೆ, ಆದ್ದರಿಂದ ತೀರಾ ರಾತ್ರಿ ಹೊತ್ತು ಬೇಡ.